ಪಾಯದ ಪೂಜೆಗೆ ಇಪ್ಪತ್ತು ದಿನ ಬಾಕಿ, ಪರವಾನಗಿ ಇನ್ನೂ ಸಿಕ್ಕಿಲ್ಲ: ಕೆಲಸ ಶುರು ಮಾಡಬಹುದೇ?

ಹೊಸಮನೆ_ಕನಸು
ಎಲ್ಲರಿಗೂ ನಮಸ್ಕಾರ. ಹಾಸನದಿಂದ ಎಂಟು ಕಿಲೋಮೀಟರ್ ದೂರದಲ್ಲಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ, ನಮ್ಮದೊಂದು 30×40 ನಿವೇಶನವಿದೆ. ಅಪ್ಪ 2006ರಲ್ಲಿ ಕೊಂಡದ್ದು. ಮೊದಲು ಆಲೂಗಡ್ಡೆ ಬೆಳೆಯುತ್ತಿದ್ದ ಹೊಲ. ಕ್ರಯಪತ್ರ ನೋಂದಣಿಯಾಗಿದೆ, ಅಂದಿನಿಂದ ಇಂದಿನವರೆಗೆ ಕಂದಾಯ ಕಟ್ಟಿದ ರಸೀದಿಗಳೆಲ್ಲ ಇವೆ. ಈಗ ಮನೆ ಕಟ್ಟಲು ಹೊರಟು ಎಂಜಿನಿಯರ್ ಹತ್ತಿರ ನಕ್ಷೆ ಬರೆಸಿ ಪಂಚಾಯಿತಿಗೆ ಕೊಟ್ಟರೆ, "ನಿಮ್ಮದು 11ಬಿ ನಮೂನೆಯ ಖಾತೆ, ಬರಿಯ ತೆರಿಗೆ ದಾಖಲೆ, ಇದಕ್ಕೆ ಕಟ್ಟಡ ಪರವಾನಗಿ ಕೊಡಲು ಬರುವುದಿಲ್ಲ" ಎನ್ನುತ್ತಾರೆ. ಇಪ್ಪತ್ತು ವರ್ಷ ಕಂದಾಯ ಕಟ್ಟಿಸಿಕೊಂಡಾಗ ಇಲ್ಲದ ತಕರಾರು ಈಗ ಏಕೆ ಎಂದು ಕೇಳಿದರೆ ಉತ್ತರವಿಲ್ಲ.

ಪೂಜೆಗೆ ಮುಹೂರ್ತ ಇಟ್ಟಾಗಿದೆ. ಮೇಸ್ತ್ರಿಗೆ ಹತ್ತು ಸಾವಿರ ಮುಂಗಡ ಕೊಟ್ಟಾಗಿದೆ. ಅವನು ಹೇಳುವುದು ಒಂದೇ ಮಾತು: "ಪಾಯ ಎಬ್ಬಿಸಿ ಸ್ವಾಮಿ, ಎದ್ದ ಗೋಡೆಯನ್ನು ಯಾರೂ ಮಲಗಿಸುವುದಿಲ್ಲ." ಬ್ಯಾಂಕಿನಿಂದ ಇಪ್ಪತ್ತೈದು ಲಕ್ಷ ಸಾಲವೂ ಬೇಕು. ಶುರು ಮಾಡಿಬಿಡಲೇ?

ಬೆಣ್ಣೆನಗರಿ
ಮಾಡಿ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ, ಪರವಾನಗಿ ಇರುವುದು ಎರಡಕ್ಕೆ. ಆ ಇಬ್ಬರಿಗೇ ಎಲ್ಲರಿಗಿಂತ ಹೆಚ್ಚು ನೋಟಿಸು ಬಂದಿದೆ, ಏಕೆಂದರೆ ಅವರ ವಿಳಾಸ ಮಾತ್ರ ಕಡತದಲ್ಲಿದೆ.

ಸಾಲದ_ಮೇಜು
ಮೇಲಿನವರ ಮಾತು ತಮಾಷೆಗೆ ಸರಿ. ನಾನು ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನೇ ನೋಡುವವನು. 2006ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಮನೆ ಕಟ್ಟಲು ಸಾಲ ಕೇಳುವವರು ಮಂಜೂರಾದ ನಕ್ಷೆಯ ಪ್ರತಿ ಕೊಡಲೇಬೇಕು, ನಕ್ಷೆ ಮೀರುವುದಿಲ್ಲ ಎಂದು ಪ್ರಮಾಣಪತ್ರವನ್ನೂ ಬರೆದುಕೊಡಬೇಕು. ಆಮೇಲೆ ನಮ್ಮ ಕಡೆಯ ವಾಸ್ತುಶಿಲ್ಪಿ ಹಂತಹಂತವಾಗಿ ಬಂದು ನೋಡುತ್ತಾನೆ. 11ಬಿ ಇಟ್ಟುಕೊಂಡು ನಮ್ಮ ಮೇಜಿಗೆ ಬಂದರೆ ಕುರ್ಚಿ ಕೊಡುತ್ತೇವೆ, ಕಾಫಿ ಕೊಡುತ್ತೇವೆ, ಸಾಲ ಕೊಡುವುದಿಲ್ಲ.

ಪಾಯ ಎಬ್ಬಿಸಿ ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ ಬಂದವರನ್ನು ಬಹಳ ನೋಡಿದ್ದೇನೆ. ಲಿಂಟಲ್ ಮಟ್ಟಕ್ಕೆ ನಿಂತು, ಕಂಬಿಗಳಿಗೆ ತುಕ್ಕು ಹಿಡಿದು, ಒಳಗೆ ಪಾರ್ಥೇನಿಯಂ ಬೆಳೆದ ಮನೆಗಳು ಪ್ರತಿ ಊರಿನ ಹೊರಗೂ ಇವೆ. ಬಸ್ಸಿನಲ್ಲಿ ಹೋಗುವಾಗ ನೋಡಿ.

ನಿವೃತ್ತ_ಓವರ್ಸಿಯರ್
ಮೊದಲು ಪ್ರಶ್ನೆಯನ್ನು ಸರಿ ಮಾಡಿಕೊಳ್ಳಿ. ನಿಮ್ಮ ತೊಡಕು ಪರವಾನಗಿಯದಲ್ಲ, ನಿವೇಶನದ್ದು. ನಕ್ಷೆ ಎಷ್ಟು ಚೆನ್ನಾಗಿ ಬರೆಸಿದರೂ ಅದು ನಿಲ್ಲಬೇಕಾದ ನೆಲಕ್ಕೆ ದಾಖಲೆ ಇಲ್ಲ.

ಪಂಚಾಯಿತಿ ಸ್ವತ್ತುಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವ ಇ-ಸ್ವತ್ತು 2013ರಲ್ಲಿ ಬಂತು. ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿನ ಸ್ವತ್ತು, ಸರ್ಕಾರಿ ವಸತಿ ಯೋಜನೆಯ ಸ್ವತ್ತು, ಭೂಪರಿವರ್ತನೆಯಾಗಿ ಬಡಾವಣೆ ನಕ್ಷೆಗೆ ಅನುಮೋದನೆ ಪಡೆದ ಸ್ವತ್ತು, ಇವಕ್ಕೆ ನಮೂನೆ 9 ಮತ್ತು 11ಎ. ಇದಾವುದಕ್ಕೂ ಸೇರದೆ ಬರಿಯ ಕಂದಾಯ ಕಟ್ಟುವವಕ್ಕೆ 11ಬಿ. ಹಾಗಾಗಿ 11ಬಿ ಎಂದರೆ "ತೆರಿಗೆ ಕೊಡುತ್ತಿದ್ದೀರಿ, ಧನ್ಯವಾದ" ಎಂದಷ್ಟೇ ಅರ್ಥ. ತೆರಿಗೆ ರಸೀದಿಯನ್ನು ಹಕ್ಕುಪತ್ರ ಎಂದುಕೊಂಡವರು ನೀವೊಬ್ಬರೇ ಅಲ್ಲ, ಅರ್ಧ ಕರ್ನಾಟಕ ಹಾಗೆ ಅಂದುಕೊಂಡಿದೆ.

ಎರಡು ಕಾಗದ ಹುಡುಕಿ. ಒಂದು, ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ, ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಆಗಿರುವಂಥದ್ದು. ಇನ್ನೊಂದು, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ. ಎರಡೂ ಇದ್ದೂ 11ಬಿ ಬಂದಿದ್ದರೆ ಅದು ದಾಖಲೆಗೆ ಏರಿಸುವಾಗ ಆದ ತಪ್ಪು, ತಿದ್ದಿಸಬಹುದು. ಮೊದಲನೆಯದು ಮಾತ್ರ ಇದ್ದರೆ ದಾರಿ ಉದ್ದ. ಎರಡೂ ಇಲ್ಲದಿದ್ದರೆ ಮುಹೂರ್ತ ಮುಂದೂಡಿ.

ಇನ್ನು ಮೇಸ್ತ್ರಿಯ ಮಾತು. ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಮಿನ ಪ್ರಕಾರ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ನಗರಪಾಲಿಕೆಗಳಲ್ಲಾದರೆ ಅವುಗಳದೇ ಕಾಯ್ದೆಯ 321ನೇ ಕಲಮು ಇದೆ: ಮೊದಲು ತಾತ್ಕಾಲಿಕ ಆದೇಶ, ಆಮೇಲೆ ದೃಢೀಕರಣ ಆದೇಶ, ಆಮೇಲೆ ಜೆಸಿಬಿ. ನನ್ನ ಸೇವೆಯಲ್ಲಿ ಎರಡು ಗೋಡೆಗಳನ್ನು ಮಲಗಿಸುವಾಗ ನಾನೇ ಟೇಪು ಹಿಡಿದು ನಿಂತಿದ್ದೆ. ಆ ದಿನ ಮೇಸ್ತ್ರಿ ಇರಲಿಲ್ಲ.

ಬೆಣ್ಣೆನಗರಿ
ಮೂವತ್ತು ವರ್ಷದ ಸೇವೆಯಲ್ಲಿ ಎರಡು ಗೋಡೆ. ನನ್ನ ವಾದವನ್ನು ನೀವೇ ಗೆಲ್ಲಿಸಿದಿರಿ.

ನಿವೃತ್ತ_ಓವರ್ಸಿಯರ್
ಆ ಎರಡರಲ್ಲಿ ಒಂದು ನಿಮ್ಮದಾಗಿದ್ದರೆ ಲೆಕ್ಕ ಬೇರೆ ಬರುತ್ತಿತ್ತು.

ಹೊಸಮನೆ_ಕನಸು
ಓವರ್ಸಿಯರ್ ಅವರೇ, ಅಪ್ಪನ ಟ್ರಂಕಿನಲ್ಲಿ ಹುಡುಕುತ್ತೇನೆ. ಆದರೆ ಒಂದು ಅನುಮಾನ. 2025ರಲ್ಲಿ ಸರ್ಕಾರವೇ ಅನಧಿಕೃತ ಬಡಾವಣೆಗಳಿಗೆ ಬಿ ಖಾತೆ ಕೊಡುತ್ತೇವೆ ಎಂದಿತಲ್ಲ? ಅದರಿಂದ ಸಕ್ರಮವಾದಂತೆ ಆಗಲಿಲ್ಲವೇ?

ನೀಲಿನಕ್ಷೆ
ಇಲ್ಲ. ಬಿ ಖಾತೆ ಕೊಡುವುದು ಎಂದರೆ ತೆರಿಗೆ ವಹಿಗೆ ಸೇರಿಸುವುದು. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಬೇರೆಯೇ ಯೋಜನೆ. ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಇವೆರಡನ್ನೂ ಒಂದೇ ಎಂದು ಹೇಳಿ ಸೈಟು ಮಾರುವ ದಲ್ಲಾಳಿಗಳು ನಮ್ಮ ಊರಿನಲ್ಲೂ ಇದ್ದಾರೆ.

ಮಲೆನಾಡ_ಮಾಳಿಗೆ
ನಾನು ಏಕ ನಿವೇಶನ ಅನುಮೋದನೆ ಮಾಡಿಸಿಕೊಂಡೆ. ತೀರ್ಥಹಳ್ಳಿ ಕಡೆ ಹನ್ನೆರಡು ಗುಂಟೆ ಪರಿವರ್ತನೆ ಮಾಡಿಸಿದ್ದೆ, ಅದಕ್ಕೆ ಒಂದೇ ನಿವೇಶನ ಎಂದು ನಕ್ಷೆ ಅನುಮೋದನೆ ಆಯಿತು, ನಂತರ ಪಂಚಾಯಿತಿಯಿಂದ ಪರವಾನಗಿ ಬಂತು. ನಿಮಗೂ ಆಗುತ್ತದೆ, ಪ್ರಯತ್ನಿಸಿ.

ನಿವೃತ್ತ_ಓವರ್ಸಿಯರ್
ನಿಮ್ಮದು ಸ್ವಂತ ಜಮೀನು, ಪೂರ್ತಿ ತುಂಡು. ಅವರದ್ದು ಒಬ್ಬ ಮಾಲೀಕ ಹೊಲವನ್ನು ಕತ್ತರಿಸಿ ಮಾರಿದ ನಲವತ್ತೋ ಐವತ್ತೋ ತುಂಡುಗಳಲ್ಲಿ ಒಂದು. ಅಲ್ಲಿ ಏಕ ನಿವೇಶನ ಕೇಳಿದರೆ ಪ್ರಾಧಿಕಾರದವರು ಕೇಳುವ ಮೊದಲ ಪ್ರಶ್ನೆ: ನಿಮ್ಮ ಮನೆಗೆ ಹೋಗುವ ರಸ್ತೆ ಯಾರದು? ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರುತ್ತಾರೆ. ಇಲ್ಲಿ ಬಿಟ್ಟುಕೊಟ್ಟಿರುವುದಿಲ್ಲ. ಎಲ್ಲರೂ ನಡೆಯುತ್ತಿರುವ ಆ ರಸ್ತೆ ಇವತ್ತಿಗೂ ಪಹಣಿಯಲ್ಲಿ ಹೊಲ ಮಾರಿದವನ ಹೆಸರಿನಲ್ಲೇ ಇರಬಹುದು. ಪಹಣಿ ತೆಗೆಸಿ ನೋಡಿ.

ಮಲೆನಾಡ_ಮಾಳಿಗೆ
ಇದು ನನಗೆ ಹೊಳೆದಿರಲಿಲ್ಲ. ಸರಿ, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಸಿಲಿಕಾನ್_ಸಂಕಟ
ಬೆಂಗಳೂರಿನಲ್ಲಿ 50×80 ನಿವೇಶನದವರೆಗೆ, ನಾಲ್ಕು ಮನೆಗಳವರೆಗೆ, ನಂಬಿಕೆ ನಕ್ಷೆ ಇದೆ. ನೋಂದಾಯಿತ ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲೇ ತಾತ್ಕಾಲಿಕ ಮಂಜೂರಾತಿ. ಹಾಸನದಲ್ಲಿ ಏಕಿಲ್ಲ?

ಬೆಣ್ಣೆನಗರಿ
ಬೆಂಗಳೂರಿನವರು ಬಂದರು. ಚರ್ಚೆ ಇನ್ನು ಟ್ರಾಫಿಕ್‌ಗೆ ತಿರುಗುತ್ತದೆ.

ಸಿಲಿಕಾನ್_ಸಂಕಟ
ಟ್ರಾಫಿಕ್ ಅಲ್ಲ, ಕರೆಂಟು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು: ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬೇಡಿ ಎಂದು. ಅದಾದ ಮೇಲೆ ನನ್ನ ಹೊಸ ಮನೆ ತಿಂಗಳುಗಟ್ಟಲೆ ತಾತ್ಕಾಲಿಕ ಸಂಪರ್ಕದಲ್ಲೇ ನಡೆಯಿತು. ತಾತ್ಕಾಲಿಕ ದರದ ಬಿಲ್ಲು ನೋಡಿ ಹೆಂಡತಿ ಫ್ರಿಜ್ ಆರಿಸಿ ಹಾಲನ್ನು ಎರಡು ಹೊತ್ತು ಕಾಯಿಸಲು ಶುರು ಮಾಡಿದಳು. ಆಮೇಲೆ 2025ರಲ್ಲಿ 1200 ಚದರ ಅಡಿಯವರೆಗಿನ ನಿವೇಶನಗಳಿಗೆ, ನೆಲಮಹಡಿಯ ಮೇಲೆ ಎರಡು ಅಥವಾ ಸ್ಟಿಲ್ಟ್ (ಗಾಡಿ ನಿಲ್ಲಿಸಲು ಕಂಬಗಳ ಮೇಲೆ ಬಿಟ್ಟ ತೆರೆದ ನೆಲಮಟ್ಟ) ಮೇಲೆ ಮೂರು ಮಹಡಿಯ ಮನೆಗಳಿಗೆ, ಸ್ವಾಧೀನ ಪತ್ರದಿಂದ ವಿನಾಯಿತಿ ಬಂತು. ಬದುಕಿದೆವು.

ನೀಲಿನಕ್ಷೆ
ಆ ವಿನಾಯಿತಿ ಸ್ವಾಧೀನ ಪತ್ರದಿಂದ ಮಾತ್ರ, ನಕ್ಷೆ ಮಂಜೂರಾತಿಯಿಂದ ಅಲ್ಲ. ಇದನ್ನು ಓದುವವರು ದಯವಿಟ್ಟು ಗೊಂದಲ ಮಾಡಿಕೊಳ್ಳಬೇಡಿ.

ಗುಮ್ಮಟದ_ನೆರಳು
ನೀವೆಲ್ಲ ಪುಣ್ಯವಂತರು. ನನ್ನ ಮನೆ ವಿಜಯಪುರದಲ್ಲಿ, ಒಂದು ಸಂರಕ್ಷಿತ ಸ್ಮಾರಕದ ಗೋಡೆಯಿಂದ ಎಂಬತ್ತು ಮೀಟರ್ ದೂರ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ನೂರು ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು. ದಾಖಲೆ ಅಚ್ಚುಕಟ್ಟಾಗಿದೆ, ಅಜ್ಜನ ಕಾಲದ ಸ್ವತ್ತು, ಬ್ಯಾಂಕು ಸಾಲ ಕೊಡಲು ಸಿದ್ಧ. ಆದರೆ ಮಗನ ಮದುವೆಗೆಂದು ಮೇಲೆ ಒಂದು ಕೋಣೆ ಹಾಕುವಂತಿಲ್ಲ. ದುರಸ್ತಿಗೂ ಅರ್ಜಿ ಹಾಕಿಯೇ ಮಾಡಬೇಕು. ಎದುರು ಸಾಲಿನವನ ಮನೆ ನೂರಾ ಹತ್ತು ಮೀಟರಿನಲ್ಲಿದೆ. ಅವನು ಅನುಮತಿ ತಂದು ಮಹಡಿ ಹಾಕಿಸಿ, ಅಲ್ಲಿಂದ ಸಂಜೆ ನಮ್ಮ ಹಂಚಿನ ಮೇಲೆ ಹರಡಿದ ಹಪ್ಪಳ ಎಣಿಸುತ್ತಾನೆ.

ಕಡಲತಡಿ
ನಮ್ಮಲ್ಲಿ ಕರಾವಳಿ ನಿಯಂತ್ರಣ ವಲಯ. ಸಮುದ್ರ ಮಾತ್ರವಲ್ಲ, ಉಬ್ಬರದ ನೀರು ಏರುವ ಹೊಳೆಯೂ ಲೆಕ್ಕಕ್ಕೆ ಬರುತ್ತದೆ. ಉಡುಪಿಯ ಪೇಟೆಯವರಿಗೆ ಇದು ಹೊಳೆಬದಿ ಜಾಗ ಕೊಂಡ ಮೇಲೆಯೇ ಗೊತ್ತಾಗುವುದು.

ನೀಲಿನಕ್ಷೆ
ಇಷ್ಟು ಹೊತ್ತು ಎಲ್ಲರೂ ಕಾಗದವನ್ನೇ ಮಾತನಾಡಿದಿರಿ. ಟೇಪಿನ ಬಗ್ಗೆ ಯಾರೂ ಹೇಳಲಿಲ್ಲ.

ಹದಿನಾಲ್ಕು ವರ್ಷದಿಂದ ನಕ್ಷೆ ಬರೆಯುತ್ತಿದ್ದೇನೆ. ಹೊಸ ಗಿರಾಕಿ ಬಂದರೆ ಮೊದಲು ಕ್ರಯಪತ್ರ ಕೇಳುವುದಿಲ್ಲ, ಸ್ಥಳಕ್ಕೆ ಹೋಗಿ ನಾಲ್ಕು ಬದಿ ಮತ್ತು ಎರಡು ಮೂಲೆಗೆರೆ ಅಳೆಯುತ್ತೇನೆ. ಮೂಲೆಗೆರೆ ಅಳೆಯದೆ ನಾಲ್ಕು ಬದಿ ಮಾತ್ರ ಅಳೆದರೆ ಪ್ರಯೋಜನವಿಲ್ಲ, ಏಕೆಂದರೆ ನಾಲ್ಕೂ ಬದಿ ಸರಿಯಿದ್ದು ನಿವೇಶನ ಓರೆಯಾಗಿರಬಹುದು. ಪತ್ರದಲ್ಲಿ ನಲವತ್ತು ಅಡಿ ಇರುತ್ತದೆ, ನೆಲದಲ್ಲಿ ಮೂವತ್ತೆಂಟೂವರೆ. ಒಂದೂವರೆ ಅಡಿ ಎಲ್ಲಿ ಹೋಯಿತು ಎಂದರೆ ಪಕ್ಕದವನ ಕಾಂಪೌಂಡಿನ ಕೆಳಗೆ, ಅಥವಾ ಚರಂಡಿಯಲ್ಲಿ. ಪತ್ರದ ಅಳತೆಗೆ ನಕ್ಷೆ ಬರೆಸಿ, ನೆಲದ ಅಳತೆಗೆ ಮನೆ ಕಟ್ಟಿದರೆ, ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗ, ಅಷ್ಟು ಕಡಿಮೆಯಾಯಿತು. ಬೆಂಗಳೂರಿನ 2003ರ ಬೈಲಾದಲ್ಲಿ ಐದು ಶೇಕಡಾ ವ್ಯತ್ಯಾಸಕ್ಕೆ ಮಾತ್ರ ಕ್ಷಮೆ ಇತ್ತು. ಒಂದು ಮೀಟರ್ ಸೆಟ್‌ಬ್ಯಾಕಿನ ಐದು ಶೇಕಡಾ ಎಂದರೆ ಐದು ಸೆಂಟಿಮೀಟರ್. ಗಾರೆಯ ದಪ್ಪಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ.

ಇನ್ನು ನಗರದ ಕಡೆ ತಂತ್ರಾಂಶದ ಕಾಟ. ಕ್ಯಾಡ್ ನಕ್ಷೆಯನ್ನು ಯಂತ್ರವೇ ಓದಿ ನಿಯಮಕ್ಕೆ ಹೊಂದಿದೆಯೇ ಎಂದು ನೋಡುತ್ತದೆ. ಗೋಡೆಯ ಗೆರೆ ಗೋಡೆಯ ಪದರದಲ್ಲೇ ಇರಬೇಕು, ನಿವೇಶನದ ಗಡಿ ಮುಚ್ಚಿದ ಆಕೃತಿಯಾಗಿರಬೇಕು. ಒಂದು ಕಡೆ ಗೆರೆ ಕೂದಲೆಳೆಯಷ್ಟು ಬಿಟ್ಟರೆ "ನಿವೇಶನವೇ ಕಾಣಿಸುತ್ತಿಲ್ಲ" ಎಂದು ವಾಪಸ್ಸು. ಒಮ್ಮೆ ಒಂದು ನೀರಿನ ತೊಟ್ಟಿ ಕೋಣೆಯ ಪದರಕ್ಕೆ ಸೇರಿಹೋಗಿತ್ತು. ಅದಕ್ಕೆ ಕಿಟಕಿ ಏಕಿಲ್ಲ ಎಂದು ಕೇಳಿತು.

ಬೆಣ್ಣೆನಗರಿ
ತೊಟ್ಟಿಗೆ ಕಿಟಕಿ ಇಟ್ಟಿರಾ?

ನೀಲಿನಕ್ಷೆ
ಪದರ ಬದಲಾಯಿಸಿದೆ. ಆದರೆ ಆಸೆಯೇನೋ ಆಯಿತು.

ಸ್ಯಾನ್_ಹೊಸೆ_ಸಣ್ಣಪ್ಪ
ಮಂಡ್ಯದವನು, ಈಗ ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ-ಅಮ್ಮ ಬಂದರೆ ಇರಲು ಹಿತ್ತಿಲಿನಲ್ಲಿ ಒಂದು ಚಿಕ್ಕ ಮನೆ ಕಟ್ಟಿಸಿದೆ. ಇಲ್ಲಿ 2020ರಿಂದ ಇಂಥ ಹಿತ್ತಿಲ ಮನೆಗಳ ಅರ್ಜಿಯನ್ನು ಅರವತ್ತು ದಿನದಲ್ಲಿ ತೀರ್ಮಾನಿಸಬೇಕು ಎಂಬ ಕಾನೂನು ಇದೆ. ಆದರೆ ಪರವಾನಗಿ ಬಂದ ಮೇಲೆ ನಿಜವಾದ ಕಷ್ಟ. ಪಾಯಕ್ಕೆ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟು ಸುರಿಯುವ ಮೊದಲು, ಪರಿವೀಕ್ಷಕ ಬಂದು ನೋಡಿ ಕಾರ್ಡಿನ ಮೇಲೆ ಸಹಿ ಹಾಕಬೇಕು. ಗೋಡೆ ಮುಚ್ಚುವ ಮೊದಲು ಒಳಗಿನ ವೈರು, ಪೈಪು ನೋಡಬೇಕು. ನನ್ನವನು ಮೊಣಕಾಲೂರಿ ಕುಳಿತು, ಟಾರ್ಚು ಬಿಟ್ಟು, ಕಂಬಿ ಮಣ್ಣಿಗೆ ತಾಗಿದೆ ಎಂದು ಹೇಳಿ ಹೊರಟೇ ಹೋದ. ಮೂರು ಇಂಚು ಎತ್ತಿ ಕಟ್ಟಲು ಒಂದು ವಾರ ಹೋಯಿತು. ನೂರಿಪ್ಪತ್ತು ಚದರ ಅಡಿ ಒಳಗಿನ ಸಾಮಾನು ಗೂಡಿಗೆ ಮಾತ್ರ ಕಟ್ಟಡ ಪರವಾನಗಿ ಬೇಡ.

ಮಂಡ್ಯದ ನಮ್ಮ ಮನೆ ಕಟ್ಟುವಾಗ ಪರವಾನಗಿ ಕೊಟ್ಟವರು ಒಬ್ಬರೂ ಸ್ಥಳಕ್ಕೆ ಬರಲಿಲ್ಲ. ಕಂಬಿ ಎಲ್ಲಿದೆ ಎಂದು ಮೇಸ್ತ್ರಿಗೂ ದೇವರಿಗೂ ಗೊತ್ತು.

ನಿವೃತ್ತ_ಓವರ್ಸಿಯರ್
ಇದು ಒಪ್ಪಬೇಕಾದ ಮಾತು. ನಮ್ಮಲ್ಲೂ ತಳಪಾಯದ ಹಂತದಲ್ಲಿ ತಪಾಸಣೆ ಮಾಡಿ ಪ್ರಾರಂಭ ಪ್ರಮಾಣಪತ್ರ ಕೊಡುವ ನಿಯಮ ನಗರಗಳಲ್ಲಿ ಇದೆ. ಆದರೆ ನಾವು ನೋಡಿದ್ದು ಗಡಿಯನ್ನು, ಕಂಬಿಯನ್ನಲ್ಲ. ಮೂರು ವಾರ್ಡಿಗೆ ನಾನೊಬ್ಬ. ಮನೆ ಬೀಳದಿರಲಿ ಎಂಬುದಕ್ಕಿಂತ ಮನೆ ರಸ್ತೆಗೆ ಬರದಿರಲಿ ಎಂಬುದೇ ನಮ್ಮ ಚಿಂತೆಯಾಗಿತ್ತು. ಸಜ್ಜಾ ಎಷ್ಟು ಇಂಚು ಚಾಚಿದೆ ಎಂದು ಜಗಳವಾಡಿದ್ದೇನೆ, ಸಿಮೆಂಟು ಎಷ್ಟು ಎಂದು ಒಮ್ಮೆಯೂ ಕೇಳಲಿಲ್ಲ. ಈಗ ಯೋಚಿಸಿದರೆ ಸ್ವಲ್ಪ ಮುಜುಗರವಾಗುತ್ತದೆ.

ಅಡುಗೆಮನೆ_ಆಗ್ನೇಯ
ನಕ್ಷೆಯಲ್ಲಿ ಅಡುಗೆಮನೆ ಆಗ್ನೇಯದಲ್ಲಿದೆಯೇ? ಶೌಚಾಲಯ ಈಶಾನ್ಯದಲ್ಲಿದ್ದರೆ ಪರವಾನಗಿ ತಡವಾಗುವುದು ಸಹಜ.

ನೀಲಿನಕ್ಷೆ
ಈಶಾನ್ಯದಲ್ಲಿ ಶೌಚಾಲಯ ಇದ್ದ ನಕ್ಷೆ ನನ್ನ ಕೈಯಿಂದ ಮೂರು ವಾರದಲ್ಲಿ ಮಂಜೂರಾಗಿದೆ. ಪಂಚಾಯಿತಿ ಕಚೇರಿಯ ಶೌಚಾಲಯವೂ ಈಶಾನ್ಯದಲ್ಲೇ ಇತ್ತು, ಬಹುಶಃ ಅದೇ ಕಾರಣ.

ಕಡಲತಡಿ
ಕೈಬಿಸಿ ಮಾಡುವ ವಿಷಯ ಯಾರೂ ಎತ್ತಲಿಲ್ಲ, ಆಶ್ಚರ್ಯ.

ಬೆಣ್ಣೆನಗರಿ
ಎತ್ತಿದರೆ ದರಪಟ್ಟಿಯ ಹೋಲಿಕೆ ಶುರುವಾಗುತ್ತದೆ. ಸರ್ಕಾರದ 'ಸಕಾಲ' ಸೇವಾ ಯೋಜನೆಯಲ್ಲಿ ಅರ್ಜಿ ಹಾಕಿ ಅದರ ಸಂಖ್ಯೆ ಇಟ್ಟುಕೊಳ್ಳಿ. ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿ ಪರಿಹಾರ ಕೇಳಬಹುದು, ಗರಿಷ್ಠ ಐನೂರು. ಒಂದು ಚೀಲ ಸಿಮೆಂಟು ಬರುತ್ತದೆ.

ಸಾಲದ_ಮೇಜು
ನಗಬೇಡಿ, ಆ ಸಂಖ್ಯೆ ಇದ್ದರೆ ಮೇಲ್ಮನವಿಗೆ ದಾರಿ ಇದೆ. ಬಾಯಿಮಾತಿನಲ್ಲಿ "ಬರುವುದಿಲ್ಲ" ಎಂದರೆ ಏನೂ ಮಾಡುವಂತಿಲ್ಲ. ಹೊಸಮನೆಯವರೇ, ನಿಮಗೆ ಲಿಖಿತ ಹಿಂಬರಹ (ಕಚೇರಿಯಿಂದ ಬರಹದಲ್ಲಿ ಉತ್ತರ) ಕೊಟ್ಟರೇ?

ಇನ್ನೊಂದು ಸಣ್ಣ ವಿಷಯ, ಅಂದಾಜು ಪಟ್ಟಿಯಲ್ಲಿ ಸೇರಿಸಿಕೊಳ್ಳಿ: ಸ್ವಂತ ವಾಸದ ಮನೆಯ ವೆಚ್ಚ ಐವತ್ತು ಲಕ್ಷ ದಾಟಿದರೆ ಕಾರ್ಮಿಕ ಸೆಸ್ ಇದೆ, 2025ರ ನವೆಂಬರ್‌ವರೆಗೆ ಈ ಮಿತಿ ಹತ್ತು ಲಕ್ಷ ಇತ್ತು. ಕೊನೆಯ ಘಳಿಗೆಯಲ್ಲಿ ಗೊತ್ತಾಗಿ ಒದ್ದಾಡುತ್ತಾರೆ.

ಹೊಸಮನೆ_ಕನಸು
ಇಪ್ಪತ್ತೆರಡು ದಿನ ಆಯಿತು, ಏನಾಯಿತೆಂದು ಹೇಳಿಬಿಡುತ್ತೇನೆ.

ಟ್ರಂಕಿನಲ್ಲಿ, ಅಪ್ಪನ ಎಸ್ಎಸ್ಎಲ್‌ಸಿ ಅಂಕಪಟ್ಟಿಯ ಕೆಳಗೆ, ಭೂಪರಿವರ್ತನೆ ಆದೇಶದ ನೆರಳಚ್ಚು ಸಿಕ್ಕಿತು. 2004ರದ್ದು, ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿದೆ, ಆದರೆ ಸರ್ವೆ ನಂಬರು ಓದಬಹುದು. ಬಡಾವಣೆ ಅನುಮೋದನೆ ಇಲ್ಲ. ಓವರ್ಸಿಯರ್ ಹೇಳಿದಂತೆ ಪಹಣಿ ತೆಗೆಸಿದೆ. ರಸ್ತೆ ಅವರು ಹೇಳಿದಂತೆಯೇ ಇದೆ: ಹೊಲ ಮಾರಿದವರು ತೀರಿಕೊಂಡಿದ್ದಾರೆ, ಆದರೆ ನಮ್ಮೆಲ್ಲರ ರಸ್ತೆ ಇನ್ನೂ ಅವರ ಹೆಸರಿನಲ್ಲೇ ಇದೆ. ಅವರ ಮೂವರು ಮಕ್ಕಳಲ್ಲಿ ಒಬ್ಬರು ದುಬೈನಲ್ಲಿದ್ದಾರೆ.

ಪ್ರಾಧಿಕಾರದಲ್ಲಿ ಹೇಳಿದ್ದು, ನಿವೇಶನದಾರರೆಲ್ಲ ಸೇರಿ, ಆ ಮಕ್ಕಳ ಸಹಿಯೊಂದಿಗೆ ರಸ್ತೆ ಬಿಟ್ಟುಕೊಟ್ಟು, ಬಡಾವಣೆ ನಕ್ಷೆ ಸಲ್ಲಿಸಿ ಎಂದು. ಮಂಜೂರಾಗಿಯೇ ತೀರುತ್ತದೆ ಎಂದು ಹೇಳಲಿಲ್ಲ, ಸಲ್ಲಿಸಿ ಎಂದರು. ಒಟ್ಟು ನಲವತ್ತೆರಡು ನಿವೇಶನ. ಗುಂಪು ಮಾಡಿ ಹತ್ತೊಂಬತ್ತು ಜನರನ್ನು ಸೇರಿಸಿದ್ದೇನೆ. ಅದರಲ್ಲಿ ಏಳು ಮಂದಿ ಬೆಳಿಗ್ಗೆ ಶುಭೋದಯದ ಹೂವು ಕಳುಹಿಸುತ್ತಾರೆ, ನಾಲ್ವರು ಆಗಲೇ ಮನೆ ಕಟ್ಟಿಕೊಂಡಿರುವುದರಿಂದ ತಮಗೆ ಇದೆಲ್ಲ ಬೇಡ ಎನ್ನುತ್ತಾರೆ. ಪಂಚಾಯಿತಿಯವರು ಲಿಖಿತ ಹಿಂಬರಹವನ್ನು ಮೂರನೇ ಭೇಟಿಯಲ್ಲಿ ಕೊಟ್ಟರು.

ನೀಲಿನಕ್ಷೆ ಅವರು ಹೇಳಿದ ಮೇಲೆ ಮೈದುನನನ್ನು ಕರೆದುಕೊಂಡು ಟೇಪು ಹಿಡಿದೆ. ಉದ್ದ ನಲವತ್ತು ಸರಿಯಿದೆ. ಅಗಲ ಒಂದು ಕಡೆ ಮೂವತ್ತು, ಇನ್ನೊಂದು ಕಡೆ ಇಪ್ಪತ್ತೊಂಬತ್ತು ಅಡಿ ಎರಡು ಇಂಚು. ಪಕ್ಕದವರು ಕಾಂಪೌಂಡಿನ ಆಚೆಯಿಂದಲೇ ನೋಡುತ್ತ ನಿಂತಿದ್ದರು, "ಟೇಪು ಎಳೆದು ಹಿಡಿಯಿರಿ" ಎಂದರು.

ಪೂಜೆಯನ್ನು ಮಾತ್ರ ನಿಗದಿಯಾದ ದಿನ ಮಾಡಿದೆವು. ಗುದ್ದಲಿ ಹಾಕಲಿಲ್ಲ. ಪುರೋಹಿತರು ಮುಹೂರ್ತ ವ್ಯರ್ಥವಾಗುವುದಿಲ್ಲ, ಒಂದು ಕಲ್ಲು ಇಟ್ಟು ಬನ್ನಿ ಎಂದರು. ಇಟ್ಟೆವು.

ನೀಲಿನಕ್ಷೆ
ಹತ್ತು ಇಂಚು. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಗುರುತಿಸಲಿ. ನೀವಾಗಿ ಕಾಂಪೌಂಡಿನ ಹತ್ತಿರ ಹೋಗಬೇಡಿ. ಮತ್ತು ಆ ಕಲ್ಲು ಎಲ್ಲಿ ಇಟ್ಟಿರಿ? ಗಡಿಯ ಹತ್ತಿರ ಇಟ್ಟಿದ್ದರೆ ಸರ್ವೆಯವರು ಬರುವ ಮೊದಲು ತೆಗೆಯಿರಿ. ಗಡಿಕಲ್ಲು ಎಂದುಕೊಂಡಾರು.

ಸಾಲದ_ಮೇಜು
ಹಿಂಬರಹ ಜೋಪಾನ. ಬಡಾವಣೆ ಮಂಜೂರಾದ ದಿನ ಬನ್ನಿ. ಕಾಫಿ ಆಗಲೂ ಇರುತ್ತದೆ.

ನಿವೃತ್ತ_ಓವರ್ಸಿಯರ್
ದುಬೈ ಮಗನಿಗೆ ಅಧಿಕಾರಪತ್ರ ಬರೆದು ಕಳುಹಿಸಲು ಹೇಳಿ, ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ. ಬರುವ ದೀಪಾವಳಿಗೆ ಬರುತ್ತಾನೆ ಎಂದು ಕಾಯಬೇಡಿ. ಮನೆ ಕಟ್ಟಿಕೊಂಡ ಆ ನಾಲ್ವರಿಗೆ ಮಾರುವ ದಿನ ಬಂದಾಗ ಈ ರಸ್ತೆ ನೆನಪಾಗುತ್ತದೆ, ಅದನ್ನೇ ಗುಂಪಿನಲ್ಲಿ ಹಾಕಿ.

ಬೆಣ್ಣೆನಗರಿ
ಮೇಸ್ತ್ರಿಗೆ ಕೊಟ್ಟ ಹತ್ತು ಸಾವಿರ?

ಹೊಸಮನೆ_ಕನಸು
ಹಿಂದಕ್ಕೆ ಕೇಳಲು ಮನಸ್ಸು ಬರಲಿಲ್ಲ. ಅದರ ಬದಲಿಗೆ ಊರಿನಲ್ಲಿ ದನದ ಕೊಟ್ಟಿಗೆಯ ಮಾಡು ಎತ್ತರಿಸಿ ಕೊಡುತ್ತೇನೆ ಎಂದಿದ್ದಾನೆ. ಅದಕ್ಕೂ ಪರವಾನಗಿ ಬೇಕೇ?

ಬೆಣ್ಣೆನಗರಿ
ಓವರ್ಸಿಯರ್ ನಿದ್ದೆ ಮಾಡಲಿ, ಆಮೇಲೆ ಕೇಳಿ.